ಕಡತದಲ್ಲಿ ಮಲಗಿರುವ ಎಚ್ಚರಿಕೆ

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಮಧ್ಯಾಹ್ನದ ಪ್ರದರ್ಶನಕ್ಕೆ ಹೋಗಿದ್ದವರಲ್ಲಿ 59 ಮಂದಿ ಮರಳಿ ಮನೆ ಸೇರಲಿಲ್ಲ. ನೆಲ ಅಂತಸ್ತಿನ ವಿದ್ಯುತ್ ಪರಿವರ್ತಕದಲ್ಲಿ ಹೊತ್ತಿಕೊಂಡ ಬೆಂಕಿಯ ಹೊಗೆ ಮೇಲೇರಿ ಬಾಲ್ಕನಿಯನ್ನು ತುಂಬಿಕೊಂಡಿತು. ಬಾಲ್ಕನಿಯ ಒಂದು ಬದಿಯ ದಾರಿಯನ್ನು ಹೆಚ್ಚುವರಿ ಆಸನಗಳು ನುಂಗಿ ಹಾಕಿದ್ದವು. ಕತ್ತಲಲ್ಲಿ ದಾರಿ ಹುಡುಕುತ್ತಿದ್ದ ತಾಯಂದಿರು, ಮಕ್ಕಳು, ಯುವಕರು ಉಸಿರುಗಟ್ಟಿ ಸತ್ತರು. ಅದೇ ಪರಿವರ್ತಕದಲ್ಲಿ ಅಂದು ಬೆಳಗ್ಗೆಯೂ ಬೆಂಕಿ ಕಾಣಿಸಿಕೊಂಡಿತ್ತು. ಅದನ್ನು ಅವಸರದಲ್ಲಿ ದುರಸ್ತಿ ಮಾಡಿ ಮತ್ತೆ ಚಾಲನೆಗೊಳಿಸಲಾಗಿತ್ತು.

ಈ ದುರಂತದ ಕುರಿತು ಬಹಳಷ್ಟು ಬರೆಯಲಾಗಿದೆ. ಆದರೆ ಅದರೊಳಗಿನ ಒಂದು ಸತ್ಯ ಸಾಕಷ್ಟು ಚರ್ಚೆಗೆ ಬಂದಿಲ್ಲ ಎಂದು ನಮಗನಿಸುತ್ತದೆ. ದುರಂತಕ್ಕಿಂತ 14 ವರ್ಷಗಳ ಮೊದಲು, 1983ರ ಜೂನ್‌ನಲ್ಲಿ, ದೆಹಲಿಯ ಚಿತ್ರಮಂದಿರಗಳನ್ನು ಪರಿಶೀಲಿಸಿದ ಅಧಿಕಾರಿಗಳು ಸುರಕ್ಷಾ ನಿಯಮಗಳ ಉಲ್ಲಂಘನೆಗಳನ್ನು ಪಟ್ಟಿ ಮಾಡಿ 12 ಚಿತ್ರಮಂದಿರಗಳ ಪರವಾನಿಗೆಯನ್ನು ಅಮಾನತುಗೊಳಿಸಿದ್ದರು. ಅವುಗಳಲ್ಲಿ ಉಪಹಾರ್ ಕೂಡ ಒಂದು. ಮಾಲಕರು ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಬಳಿಕ ತಾತ್ಕಾಲಿಕ ಪರವಾನಿಗೆಯ ಮೇಲೆ ವರ್ಷದಿಂದ ವರ್ಷಕ್ಕೆ ಪ್ರದರ್ಶನ ನಡೆಯಿತು. ಅಂದರೆ ಎಚ್ಚರಿಕೆ ಇತ್ತು. ಅದು ಬರಹದಲ್ಲಿತ್ತು, ಸರಕಾರಿ ಮೊಹರಿನೊಂದಿಗೆ ಇತ್ತು. ಅಧಿಕಾರಿಗೂ ಮಾಲಕನಿಗೂ ಅದು ತಿಳಿದಿತ್ತು. ತಿಳಿಯದೇ ಇದ್ದವರು ಟಿಕೇಟು ಕೊಂಡು ಒಳಗೆ ಹೋಗುತ್ತಿದ್ದವರು ಮಾತ್ರ.

ಯಾವ ಎಚ್ಚರಿಕೆಯನ್ನು ಜನರ ಜೀವ ಉಳಿಸುವುದಕ್ಕಾಗಿ ಬರೆಯಲಾಗಿದೆಯೋ ಅದನ್ನು ಆ ಜನರಿಂದಲೇ ಮರೆಮಾಚುವುದು ಯಾವ ನ್ಯಾಯ? ಇಂದು ನಾವು ಎತ್ತಬಯಸುವ ಪ್ರಶ್ನೆ ಇಷ್ಟೇ.

ಉಪಹಾರ್ ಒಂದು ಅಪವಾದವಾಗಿದ್ದರೆ ಈ ಪ್ರಶ್ನೆಗೆ ಇಷ್ಟು ಮಹತ್ವ ಇರುತ್ತಿರಲಿಲ್ಲ. 2011ರ ಡಿಸೆಂಬರ್ 9ರ ಮುಂಜಾನೆ ಕೋಲ್ಕತಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಸುಮಾರು 90 ಮಂದಿ ಸತ್ತರು. ಹೆಚ್ಚಿನವರು ಹಾಸಿಗೆಯಿಂದ ಏಳಲಾಗದ ರೋಗಿಗಳು. ವಾಹನ ನಿಲ್ಲಿಸಬೇಕಾಗಿದ್ದ ನೆಲಮಾಳಿಗೆಯನ್ನು ದಾಸ್ತಾನು ಕೋಣೆಯಾಗಿ ಬಳಸಲಾಗುತ್ತಿತ್ತು. ಅದನ್ನು ತೆರವುಗೊಳಿಸುವಂತೆ ಅಗ್ನಿಶಾಮಕ ಇಲಾಖೆಯು ಅದೇ ವರ್ಷ ಸೂಚಿಸಿತ್ತು. ಆಸ್ಪತ್ರೆಯವರು ಅದಕ್ಕೆ ಒಪ್ಪಿ ಕಾಲಾವಕಾಶ ಪಡೆದಿದ್ದರು. ತಂದೆಯನ್ನೋ ತಾಯಿಯನ್ನೋ ಅಲ್ಲಿಗೆ ದಾಖಲಿಸಿದ ಯಾವ ಮಗನಿಗೆ ಈ ಪತ್ರ ವ್ಯವಹಾರ ತಿಳಿದಿತ್ತು?

2024ರ ಮೇ 25ರಂದು ಗುಜರಾತಿನ ರಾಜಕೋಟ್‌ನ ಟಿಆರ್‌ಪಿ ಆಟದ ಮಳಿಗೆಯಲ್ಲಿ 27 ಮಂದಿ ಸುಟ್ಟು ಹೋದರು. ಬೇಸಿಗೆ ರಜೆಯಲ್ಲಿ ಆಡಲು ಬಂದಿದ್ದ ಮಕ್ಕಳೂ ಅವರಲ್ಲಿದ್ದರು. ಅಗ್ನಿ ಸುರಕ್ಷಾ ನಿರಾಕ್ಷೇಪಣಾ ಪತ್ರವಿಲ್ಲದೆಯೇ ಅದು ನಡೆಯುತ್ತಿತ್ತು. ಅನಧಿಕೃತವಾಗಿ ಕಟ್ಟಿದ ಆ ರಚನೆಯನ್ನು ತೆರವುಗೊಳಿಸಬೇಕೆಂಬ ಆದೇಶ ಒಂದು ವರ್ಷ ಮೊದಲೇ, 2023ರ ಜೂನ್‌ನಲ್ಲಿ, ಮಹಾನಗರ ಪಾಲಿಕೆಯಲ್ಲಿ ತಯಾರಾಗಿತ್ತು. ಅದು ಜಾರಿಯಾಗಲಿಲ್ಲ. ಗುಜರಾತ್ ಹೈಕೋರ್ಟ್ ಇದನ್ನು ಮಾನವನಿರ್ಮಿತ ದುರಂತವೆಂದು ಕರೆಯಿತು. ಮಕ್ಕಳ ಕೈ ಹಿಡಿದು ಆ ಬಾಗಿಲು ದಾಟಿದ ತಂದೆತಾಯಿಗಳಿಗೆ ಅಂಥದ್ದೊಂದು ಆದೇಶ ಇರುವುದನ್ನು ಹೇಳುವ ಒಂದು ತುಂಡು ಕಾಗದವೂ ಅಲ್ಲಿ ಅಂಟಿರಲಿಲ್ಲ.

ನಮ್ಮ ರಾಜ್ಯವೂ ಇದರಿಂದ ಹೊರತಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ಹೊಗೆಯನ್ನು ತಾಳಲಾರದೆ ಕಿಟಕಿಯ ಗಾಜು ಒಡೆದು ಹಾರಿದವರು ಅವರಲ್ಲಿದ್ದರು. ತುರ್ತು ನಿರ್ಗಮನದ ಬಾಗಿಲುಗಳಿಗೆ ಬೀಗ ಬಿದ್ದಿತ್ತು. 2019ರ ಡಿಸೆಂಬರ್ 8ರಂದು ದೆಹಲಿಯ ಅನಾಜ್ ಮಂಡಿಯ ಇಕ್ಕಟ್ಟಾದ ಗಲ್ಲಿಯೊಂದರಲ್ಲಿ, ಚೀಲ ಮುಂತಾದವುಗಳನ್ನು ತಯಾರಿಸುತ್ತಿದ್ದ ಕಟ್ಟಡದಲ್ಲಿ 43 ಕಾರ್ಮಿಕರು ಮಲಗಿದ್ದಲ್ಲೇ ಸತ್ತರು. ಬಹುತೇಕರು ಬಿಹಾರದಿಂದ ಹೊಟ್ಟೆಪಾಡಿಗೆ ಬಂದ ಬಡವರು. ಆ ಕಟ್ಟಡಕ್ಕೂ ಅಗ್ನಿಶಾಮಕ ಇಲಾಖೆಯ ಪತ್ರ ಇರಲಿಲ್ಲ. ದುರಂತ ನಡೆದ ಮರುದಿನ ಈ ವಿವರಗಳೆಲ್ಲ ಪತ್ರಿಕೆಗಳ ಮುಖಪುಟಕ್ಕೆ ಬರುತ್ತವೆ. ಮರುದಿನ ಬಹಿರಂಗವಾಗುವ ದಾಖಲೆಯು ಹಿಂದಿನ ದಿನ ಬಹಿರಂಗವಾಗಬಾರದೇಕೆ?

ಅಗ್ನಿಶಾಮಕ ಇಲಾಖೆಯ ನೋಟಿಸು ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಅಧಿಕಾರಿ ಕಟ್ಟಡಕ್ಕೆ ಬರುತ್ತಾನೆ. ಮೆಟ್ಟಿಲು, ನಿರ್ಗಮನದ ಬಾಗಿಲು, ನೀರಿನ ತೊಟ್ಟಿ, ಪಂಪು, ಬೆಂಕಿ ನಂದಿಸುವ ಸಾಧನ, ವಿದ್ಯುತ್ ತಂತಿಗಳನ್ನು ನೋಡುತ್ತಾನೆ. ಕಂಡ ಕೊರತೆಗಳನ್ನು ಬರೆದು, ಇಂತಿಷ್ಟು ದಿನಗಳೊಳಗೆ ಸರಿಪಡಿಸಬೇಕೆಂದು ಮಾಲಕನಿಗೆ ಕೊಡುತ್ತಾನೆ. ಸರಿಪಡಿಸದಿದ್ದರೆ ಮುಂದಿನ ಕ್ರಮದ ಎಚ್ಚರಿಕೆ ಇರುತ್ತದೆ. ಬಳಿಕ ಮರುಪರಿಶೀಲನೆ ನಡೆಯಬೇಕು. ನೋಟಿಸು ಕೊಟ್ಟ ದಿನದಿಂದ ಕೊರತೆ ಸರಿಯಾಗುವ ದಿನದ ವರೆಗಿನ ಅವಧಿ ಇದೆಯಲ್ಲ, ಜನರ ಪಾಲಿಗೆ ಅತ್ಯಂತ ಅಪಾಯದ ಕಾಲ ಅದು. ಕಟ್ಟಡ ಅಸುರಕ್ಷಿತವೆಂದು ಸರಕಾರ ತಾನೇ ಬರೆದು ಕೊಟ್ಟಿದೆ, ಆದರೂ ಒಳಗೆ ವ್ಯಾಪಾರ ನಡೆಯುತ್ತಿದೆ, ಮಕ್ಕಳು ಪಾಠ ಕೇಳುತ್ತಿದ್ದಾರೆ, ರೋಗಿಗಳು ಮಲಗಿದ್ದಾರೆ. ದುರದೃಷ್ಟವಶಾತ್ ಇದೇ ಅವಧಿ ಅತ್ಯಂತ ಗುಟ್ಟಿನ ಅವಧಿಯೂ ಹೌದು. ಈ ಅವಧಿಯಲ್ಲಿ ಅಧಿಕಾರಿ ಮತ್ತು ಮಾಲಕ ಇಬ್ಬರ ನಡುವೆ ಏನು ನಡೆಯುತ್ತದೆ ಎಂಬುದು ಮೂರನೆಯವನಿಗೆ ತಿಳಿಯುವುದಿಲ್ಲ. ಲಂಚಕ್ಕೆ ಇದಕ್ಕಿಂತ ಹದವಾದ ನೆಲ ಬೇರೆ ಬೇಕೇ? ನೋಟಿಸು ಕೆಲವೆಡೆ ಸುರಕ್ಷತೆಯ ಸಾಧನವಾಗುವ ಬದಲು ವಸೂಲಿಯ ಸಾಧನವಾಗುವುದು ಈ ಕತ್ತಲಿನಿಂದಾಗಿಯೇ.

ಕಾನೂನು ಈ ಕತ್ತಲನ್ನು ಬಯಸುವುದಿಲ್ಲ ಎಂಬುದನ್ನು ನಾವು ಗಮನಿಸಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್, ಯಾರೂ ಅರ್ಜಿ ಹಾಕದಿದ್ದರೂ ಸರಕಾರಿ ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕಾದ ಮಾಹಿತಿಯನ್ನು ಪಟ್ಟಿ ಮಾಡುತ್ತದೆ. ಆ ಕಚೇರಿ ನೀಡಿದ ಪರವಾನಿಗೆ ಮತ್ತು ಅನುಮತಿಗಳನ್ನು ಯಾರು ಪಡೆದಿದ್ದಾರೆ ಎಂಬ ವಿವರವೂ ಅದರಲ್ಲಿದೆ. ಹಾಗಿರುವಾಗ ಯಾವ ಕಟ್ಟಡಕ್ಕೆ ಅಗ್ನಿ ಸುರಕ್ಷಾ ಪತ್ರ ಇದೆ ಎಂಬುದು ಗುಟ್ಟಾಗಲು ಸಾಧ್ಯವಿಲ್ಲ. ಪತ್ರ ಕೊಟ್ಟದ್ದನ್ನು ಪ್ರಕಟಿಸಬೇಕಾದವರು, ಕೊರತೆ ಕಂಡು ನೋಟಿಸು ಕೊಟ್ಟದ್ದನ್ನೂ ಪ್ರಕಟಿಸುವುದು ಅದರ ಸಹಜ ಮುಂದುವರಿಕೆಯಲ್ಲವೇ? ಅರ್ಜಿ ಹಾಕಿದವನಿಗೆ 30 ದಿನಗಳೊಳಗೆ ಉತ್ತರ ಸಿಗಬೇಕು. ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಗಳೊಳಗೆ ಸಿಗಬೇಕು. ಜೀವದ ಪ್ರಶ್ನೆ ಬಂದಾಗ ಕಾಲಹರಣ ಸಲ್ಲದೆಂಬ ವಿವೇಕ ಆ ಕಾನೂನಿನಲ್ಲೇ ಇದೆ.

ಆದರೆ ಅರ್ಜಿ ಎಂಬುದು ಕೊನೆಯ ದಾರಿಯಾಗಬೇಕೇ ಹೊರತು ಮೊದಲ ದಾರಿಯಲ್ಲ. ಮಗಳ ಮದುವೆಗೆ ಸಭಾಂಗಣ ಗೊತ್ತುಪಡಿಸುವ ತಂದೆ, ಮಗನನ್ನು ಟ್ಯೂಷನ್‌ಗೆ ಸೇರಿಸುವ ತಾಯಿ, ಅರ್ಧರಾತ್ರಿಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡಾಗ ಆಸ್ಪತ್ರೆಗೆ ಓಡುವ ಕುಟುಂಬ- ಇವರಾರೂ 10 ರೂಪಾಯಿ ಶುಲ್ಕ ಕಟ್ಟಿ ಒಂದು ತಿಂಗಳು ಕಾಯುವ ಸ್ಥಿತಿಯಲ್ಲಿ ಇರುವುದಿಲ್ಲ. ಬಾಗಿಲಲ್ಲೇ ಓದಲು ಸಿಗುವ ಮಾಹಿತಿ ಮಾತ್ರ ಅವರಿಗೆ ಉಪಯೋಗಕ್ಕೆ ಬರುತ್ತದೆ.

ಇತ್ತೀಚೆಗೆ ಇನ್ನೊಂದು ಅಡ್ಡಿಯೂ ಎದುರಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕಿನ ಎಂಟನೆಯ ಸೆಕ್ಷನ್‌ಗೆ ತಂದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ವೈಯಕ್ತಿಕ ಮಾಹಿತಿ ಎಂಬ ಒಂದೇ ನೆಪದಲ್ಲಿ ಅರ್ಜಿಯನ್ನು ತಿರಸ್ಕರಿಸುವ ದಾರಿಯನ್ನು ಅದು ಅಗಲಗೊಳಿಸಿದೆ. ನಾಳೆ ಯಾವುದೋ ಕಚೇರಿ, ಕಟ್ಟಡದ ಮಾಲಕನ ಹೆಸರು ಇರುವುದರಿಂದ ನೋಟಿಸು ವೈಯಕ್ತಿಕ ಮಾಹಿತಿ ಎಂದು ಉತ್ತರಿಸಿದರೆ ನಾವು ಅಚ್ಚರಿಪಡಬೇಕಾಗಿಲ್ಲ. ಆದರೆ ಬೀಗ ಹಾಕಿದ ತುರ್ತು ಬಾಗಿಲು ಯಾರ ಖಾಸಗಿ ವಿಷಯ? ನೀರಿಲ್ಲದ ತೊಟ್ಟಿ ಯಾರ ಕುಟುಂಬದ ಗುಟ್ಟು? ಸಾರ್ವಜನಿಕ ಹಿತಾಸಕ್ತಿಯು ಹಾನಿಗಿಂತ ಹೆಚ್ಚಿನದ್ದಾದರೆ ಮಾಹಿತಿ ಕೊಡಬಹುದು ಎಂಬ ಎಂಟನೆಯ ಸೆಕ್ಷನ್‌ನ ಎರಡನೆಯ ಉಪಸೆಕ್ಷನ್ ಈಗಲೂ ಉಳಿದಿದೆ. ನಾಗರಿಕರು ಅದನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು.

ದಾಖಲೆ ಕೆಲವರ ಕೈಯಲ್ಲಿ ಮಾತ್ರ ಉಳಿದರೆ ಏನಾಗುತ್ತದೆ ಎಂಬುದಕ್ಕೂ ಉಪಹಾರ್ ಪ್ರಕರಣವೇ ಸಾಕ್ಷಿ. ಆ ಮೊಕದ್ದಮೆಯ ಮುಖ್ಯ ದಾಖಲೆಗಳನ್ನು ನ್ಯಾಯಾಲಯದ ವಶದಲ್ಲಿರುವಾಗಲೇ ತಿರುಚಲಾಗಿತ್ತು, ಕೆಲವನ್ನು ಇಲ್ಲವಾಗಿಸಲಾಗಿತ್ತು. ಅದಕ್ಕಾಗಿ 2021ರ ನವೆಂಬರ್‌ನಲ್ಲಿ ದೆಹಲಿಯ ನ್ಯಾಯಾಲಯವೊಂದು ಚಿತ್ರಮಂದಿರದ ಮಾಲಕರಿಗೂ ಇತರರಿಗೂ ಏಳು ವರ್ಷಗಳ ಸಜೆ ವಿಧಿಸಿತು. ಮರುವರ್ಷ ಮೇಲ್ಮನವಿಯಲ್ಲಿ ಅದು ಅವರು ಆಗಲೇ ಅನುಭವಿಸಿದ್ದ ಅವಧಿಗೆ ಇಳಿಯಿತು. ನ್ಯಾಯಾಲಯದ ಕಪಾಟಿನಲ್ಲಿದ್ದ ಕಾಗದಕ್ಕೇ ಈ ಗತಿಯಾದರೆ ಪಾಲಿಕೆಯ ಮೂಲೆಯ ಕಡತದ ಪಾಡೇನು? ಒಂದು ಪ್ರತಿಯನ್ನು ಹರಿಯುವುದು ಸುಲಭ. ಸಾವಿರಾರು ಜನರು ಓದಿರುವ, ಅಂತರ್ಜಾಲದಲ್ಲಿ ದಿನಾಂಕದೊಂದಿಗೆ ಪ್ರಕಟವಾಗಿರುವ ನೋಟಿಸನ್ನು ಹರಿದು ಹಾಕಲು ಯಾರಿಂದಲೂ ಸಾಧ್ಯವಿಲ್ಲ.

ಇದು ಆಗದ ಕೆಲಸವೇನಲ್ಲ. ಬ್ರಿಟನ್‌ನಲ್ಲಿ 1988ರಲ್ಲೇ ಪರಿಸರ ಮತ್ತು ಸುರಕ್ಷಾ ಮಾಹಿತಿಯ ಕುರಿತು ಒಂದು ಕಾಯ್ದೆ ಬಂತು. ಅಗ್ನಿ ಸುರಕ್ಷೆಗೆ ಸಂಬಂಧಿಸಿದ ಜಾರಿ ನೋಟಿಸು ಮತ್ತು ನಿಷೇಧ ನೋಟಿಸುಗಳನ್ನು ಒಂದು ಸಾರ್ವಜನಿಕ ವಹಿಯಲ್ಲಿ ದಾಖಲಿಸಿ ಯಾರು ಬೇಕಾದರೂ ನೋಡುವಂತೆ ಇಡಬೇಕೆಂದು ಅದು ವಿಧಿಸಿತು. ವ್ಯಾಪಾರದ ರಹಸ್ಯಗಳಿಗೆ ಅದರಲ್ಲಿ ರಕ್ಷಣೆಯೂ ಇದೆ. ಆದರೆ ಅಲ್ಲಿಂದ ನಾವು ಕಲಿಯಬೇಕಾದ ಇನ್ನೊಂದು ಕಹಿ ಪಾಠವೂ ಇದೆ. 2017ರ ಜೂನ್ 14ರಂದು, ರಮಝಾನ್‌ನ ಒಂದು ರಾತ್ರಿ, ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಮಂದಿ ಬಲಿಯಾದರು. ಸತ್ತವರಲ್ಲಿ ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿದ್ದ ಅನೇಕ ಮುಸ್ಲಿಮ್ ಕುಟುಂಬಗಳಿದ್ದವು. ದುರಂತಕ್ಕೆ ಏಳು ತಿಂಗಳ ಮೊದಲು ಆ ಕಟ್ಟಡದ ಕೊರತೆಗಳ ಕುರಿತು ಅಗ್ನಿಶಾಮಕ ದಳವು ಕಟ್ಟಡದ ಆಡಳಿತ ಸಂಸ್ಥೆಗೆ ಪತ್ರ ಕೊಟ್ಟಿತ್ತು. ಅದು ವಿಧ್ಯುಕ್ತ ಜಾರಿ ನೋಟಿಸಿಗಿಂತ ಕೆಳಗಿನ ಹಂತದ ಪತ್ರ. ಸಾರ್ವಜನಿಕ ವಹಿಗೆ ಸೇರಬೇಕಾದ ವರ್ಗದ್ದಲ್ಲ. ತಮ್ಮ ಸುರಕ್ಷತೆಯ ಕುರಿತು ನಿವಾಸಿಗಳು ಸ್ವತಃ ಎಚ್ಚರಿಸುತ್ತಲೇ ಇದ್ದರು, ಯಾರೂ ಕಿವಿಗೊಡಲಿಲ್ಲ. ಆದ್ದರಿಂದ ಬಹಿರಂಗಪಡಿಸುವ ಕಾನೂನು ಇದ್ದರಷ್ಟೇ ಸಾಲದು. ಅದರ ಕಣ್ಣು ತಪ್ಪಿಸಿ ನುಸುಳಲು ಸಣ್ಣ ಪತ್ರವೆಂಬ ಕಿಂಡಿಯೂ ಇರಬಾರದು.

ಇದಕ್ಕೆ ಆಕ್ಷೇಪಗಳಿವೆ, ಅವು ಅಸಡ್ಡೆ ಮಾಡುವಂಥವೂ ಅಲ್ಲ. ನೋಟಿಸು ಬಹಿರಂಗವಾದರೆ ಸಣ್ಣ ವ್ಯಾಪಾರಿಯ ವ್ಯಾಪಾರ ಕೆಡುತ್ತದೆ ಎಂಬುದು ಒಂದು. ನಮ್ಮ ಓದುಗರಲ್ಲಿ ಹಲವರು ಪೇಟೆಯ ಜವಳಿ ಅಂಗಡಿ, ಚಪ್ಪಲಿ ಅಂಗಡಿ, ಹೋಟೆಲು ನಡೆಸುವವರು. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ನೋಟಿಸಿನೊಂದಿಗೆ ಮಾಲಕನ ಉತ್ತರವೂ, ಕೊರತೆ ಸರಿಪಡಿಸಿದ ದಿನಾಂಕವೂ ಪ್ರಕಟವಾದರೆ ಅದು ಅವನಿಗೆ ಕಳಂಕವಾಗುವುದಿಲ್ಲ, ಪ್ರಮಾಣಪತ್ರವಾಗುತ್ತದೆ. ಹತ್ತು ದಿನಗಳಲ್ಲಿ ಸರಿಪಡಿಸಿದವನು ಯಾರು, ಹತ್ತು ವರ್ಷ ಕಳೆದರೂ ಕದಲದವನು ಯಾರು ಎಂಬುದು ಗಿರಾಕಿಗೆ ತಿಳಿಯುತ್ತದೆ. ಇಂದು ಆಹಾರ ಪರವಾನಿಗೆಯನ್ನು ಹೋಟೆಲಿನ ಗೋಡೆಯ ಮೇಲೆ ತೂಗುಹಾಕಬೇಕೆಂಬ ನಿಯಮವಿದೆ. ಅದರಿಂದ ಯಾವ ಹೋಟೆಲೂ ಮುಚ್ಚಿ ಹೋಗಿಲ್ಲ. ಜನರು ಗಾಬರಿಗೊಳ್ಳುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ತಿಳಿದು ಎಚ್ಚರಗೊಂಡ ಜನರಿಂದ ಯಾವ ಸಮಾಜಕ್ಕೂ ಕೇಡಾಗಿಲ್ಲ. ತಿಳಿಯದೆ ಒಳಹೊಕ್ಕವರ ಕತೆಯನ್ನು ಮೇಲೆ ಹೇಳಿದ್ದೇವೆ.

ನಮ್ಮನ್ನು ನೇರವಾಗಿ ತಟ್ಟುವ ಇನ್ನೊಂದು ಮಗ್ಗುಲೂ ಇದೆ. ನೋಟಿಸು ಎಂಬ ಪದವನ್ನು ಕೇಳಿದೊಡನೆ ಇಂದು ಅನೇಕ ಮುಸ್ಲಿಮ್ ಕುಟುಂಬಗಳ ಎದೆ ನಡುಗುತ್ತದೆ. ಹಿಂದಿನ ದಿನಾಂಕ ಹಾಕಿ ಗೋಡೆಗೆ ಅಂಟಿಸಿದ ನೋಟಿಸು, ಮರುದಿನ ಬೆಳಗ್ಗೆ ಬಂದು ನಿಲ್ಲುವ ಬುಲ್ಡೋಝರ್- ಕೆಲವು ರಾಜ್ಯಗಳಲ್ಲಿ ಇಂಥ ದೂರುಗಳು ಕೇಳಿ ಬಂದುದನ್ನು ದೇಶವೇ ನೋಡಿದೆ. ಹಾಗಿರುವಾಗ ನೋಟಿಸುಗಳನ್ನು ಬಹಿರಂಗಪಡಿಸಿ ಎಂದರೆ ಇನ್ನೊಂದು ಆಯುಧ ಕೊಟ್ಟಂತಾಗದೇ ಎಂದು ಯಾರಾದರೂ ಕೇಳಬಹುದು. ನಮ್ಮ ಉತ್ತರ: ಇಲ್ಲ, ಅದು ಆಯುಧವನ್ನು ಕಸಿದುಕೊಂಡಂತೆ. 2024ರ ನವೆಂಬರ್ 13ರಂದು ಕಟ್ಟಡ ಕೆಡವುವಿಕೆಯ ಕುರಿತು ನೀಡಿದ ತೀರ್ಪಿನಲ್ಲಿ ಸುಪ್ರೀಮ್ ಕೋರ್ಟ್, ಮುಂಚಿತವಾಗಿ ಕನಿಷ್ಠ 15 ದಿನಗಳ ನೋಟಿಸು ಕೊಡಬೇಕೆಂದು ಹೇಳಿದ್ದು ಮಾತ್ರವಲ್ಲ, ನೋಟಿಸು, ಅದಕ್ಕೆ ಬಂದ ಉತ್ತರ ಮತ್ತು ಅಂತಿಮ ಆದೇಶದ ವಿವರಗಳು ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಡಿಜಿಟಲ್ ಜಾಲತಾಣದಲ್ಲಿ ಲಭ್ಯವಿರಬೇಕೆಂದೂ ನಿರ್ದೇಶಿಸಿತು. ಬಹಿರಂಗವಾದ ದಾಖಲೆಗೆ ಹಿಂದಿನ ದಿನಾಂಕ ಹಾಕಲಾಗುವುದಿಲ್ಲ. ಒಂದೇ ಬೀದಿಯಲ್ಲಿ ಒಂದೇ ಬಗೆಯ ಕೊರತೆ ಇರುವ ಹತ್ತು ಅಂಗಡಿಗಳಲ್ಲಿ ಎರಡಕ್ಕೆ ಮಾತ್ರ ಯಾಕೆ ನೋಟಿಸು ಹೋಯಿತು ಎಂದು ಪ್ರಶ್ನಿಸಬೇಕಾದರೆ ಮೊದಲು ಪಟ್ಟಿ ಕಣ್ಣೆದುರು ಇರಬೇಕು. ಗುಟ್ಟಿನ ನೋಟಿಸು ಪ್ರಭಾವಿಗೆ ರಕ್ಷೆ, ದುರ್ಬಲನಿಗೆ ಬೆದರಿಕೆ. ಬಹಿರಂಗ ನೋಟಿಸಿನ ಮುಂದೆ ಇಬ್ಬರೂ ಸಮಾನರು. ಕೆಡವುವ ನೋಟಿಸಿಗೆ ನ್ಯಾಯಾಲಯ ವಿಧಿಸಿದ ಈ ತತ್ವವನ್ನು ಜೀವ ಉಳಿಸುವ ನೋಟಿಸಿಗೂ ವಿಸ್ತರಿಸಲು ಸರಕಾರಕ್ಕೇನು ಕಷ್ಟ?

ಸರಕಾರದ ಕಡೆಗೆ ಬೆರಳು ತೋರಿಸುವಾಗ ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು. ನಮ್ಮ ಶಾದಿಮಹಲ್‌ಗಳಲ್ಲಿ ಸಾವಿರ ಜನರಿಗೆ ಊಟ ಬಡಿಸುವಾಗ ಹಿಂಬಾಗಿಲ ಮುಂದೆ ಕುರ್ಚಿಗಳ ರಾಶಿ, ಗ್ಯಾಸ್ ಸಿಲಿಂಡರುಗಳ ಸಾಲು ಇರುವುದನ್ನು ಯಾರು ತಾನೇ ನೋಡಿಲ್ಲ? ಮಹಿಳೆಯರ ಸಭಾಂಗಣಕ್ಕೆ ಒಂದೇ ಕಿರಿದಾದ ಮೆಟ್ಟಿಲು ಇರುವುದನ್ನು ನಾವು ಪ್ರಶ್ನಿಸಿದ್ದೇವೆಯೇ? ಮದ್ರಸದ ವಸತಿಗೃಹದ ಕಿಟಕಿಗಳಿಗೆ ಕಬ್ಬಿಣದ ಸರಳು, ರಾತ್ರಿ ಮುಖ್ಯದ್ವಾರಕ್ಕೆ ಬೀಗ, ಬೀಗದ ಕೈ ಇನ್ನೆಲ್ಲೋ ಮಲಗಿರುವವರ ಬಳಿ- ಈ ವ್ಯವಸ್ಥೆಯನ್ನು ಶಿಸ್ತು ಎಂದು ಕರೆಯುವುದು ಸರಿಯೇ? 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸುಟ್ಟು ಹೋದುದು ಇಂಥದ್ದೇ ನಿರ್ಲಕ್ಷ್ಯದಿಂದ. ಅಡುಗೆ ಕೋಣೆಯಿಂದ ಹಾರಿದ ಕಿಡಿ ಹುಲ್ಲಿನ ಛಾವಣಿಗೆ ತಗುಲಿತ್ತು. ಬೆಂಕಿಗೆ ಸಮುದಾಯವಿಲ್ಲ. ಸಂಸ್ಥೆ ಧಾರ್ಮಿಕವಾದುದೆಂದು ಅದು ರಿಯಾಯಿತಿ ಕೊಡುವುದೂ ಇಲ್ಲ. ಆದ್ದರಿಂದ ಸರಕಾರ ಆದೇಶಿಸುವುದಕ್ಕೆ ಮೊದಲೇ ನಮ್ಮ ಜಮಾಅತ್‌ಗಳು, ಶಿಕ್ಷಣ ಸಂಸ್ಥೆಗಳು, ಸಭಾಭವನದ ಸಮಿತಿಗಳು ತಮ್ಮ ಕಟ್ಟಡದ ಅಗ್ನಿ ಸುರಕ್ಷಾ ಪತ್ರವನ್ನೂ, ಪಡೆದ ನೋಟಿಸುಗಳಿದ್ದರೆ ಅವನ್ನೂ ಮುಂಬಾಗಿಲಲ್ಲಿ ಪ್ರದರ್ಶಿಸಲಿ. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರದೊಂದಿಗೆ ಅದನ್ನೂ ಓದಲಿ. ಬಾಡಿಗೆ ಹೆಚ್ಚಿಸುವ ಮುನ್ನ ಎರಡನೆಯ ಮೆಟ್ಟಿಲು ಕಟ್ಟಲಿ.

ರಾಜ್ಯ ಸರಕಾರದ ಮುಂದೆ ನಾವು ಇಡುವ ಬೇಡಿಕೆಗಳು ಸರಳವಾದವು. ಆಸ್ಪತ್ರೆ, ಶಾಲೆ, ಟ್ಯೂಷನ್ ಕೇಂದ್ರ, ವಸತಿಗೃಹ, ಸಭಾಂಗಣ, ಚಿತ್ರಮಂದಿರ, ಮಾಲ್ ಮುಂತಾಗಿ ಜನ ಸೇರುವ ಪ್ರತಿಯೊಂದು ಕಟ್ಟಡಕ್ಕೆ ನೀಡಿದ ನೋಟಿಸನ್ನು ಕೆಲವೇ ದಿನಗಳೊಳಗೆ ಕನ್ನಡದಲ್ಲಿ ಪ್ರಕಟಿಸಬೇಕು. ಪರಿಶೀಲನೆಯ ದಿನಾಂಕ, ಕಂಡ ಕೊರತೆ, ಕೊಟ್ಟ ಗಡುವು, ಮಾಲಕನ ಉತ್ತರ, ಮರುಪರಿಶೀಲನೆಯ ಫಲಿತಾಂಶ ಈ ಐದೂ ಅದರಲ್ಲಿರಬೇಕು. ನೋಟಿಸು ಚಾಲ್ತಿಯಲ್ಲಿರುವ ತನಕ ಅದರ ಪ್ರತಿ ಕಟ್ಟಡದ ಮುಂಬಾಗಿಲಲ್ಲಿ ಇರಬೇಕು. ಸಲಹಾಪತ್ರ, ಸೂಚನಾಪತ್ರ ಎಂಬ ಹೆಸರಿನ ಕಾಗದಗಳಿಗೂ ಇದೇ ನಿಯಮ ಅನ್ವಯವಾಗಬೇಕು. ಅಂತರ್ಜಾಲ ಬಳಸಲು ತಿಳಿಯದವರಿಗಾಗಿ ಪ್ರತಿ ಅಗ್ನಿಶಾಮಕ ಠಾಣೆಯಲ್ಲಿ ಮತ್ತು ಪುರಸಭೆಯಲ್ಲಿ ಒಂದು ವಹಿ ಇರಬೇಕು.

ಅದಾಗುವ ತನಕ ಓದುಗರು ಸುಮ್ಮನಿರಬೇಕಾಗಿಲ್ಲ. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ನಿಮ್ಮ ಮಗು ಕಲಿಯುವ ಶಾಲೆಯ ಹೆಸರು ಬರೆದು, ಅದರ ಕಟ್ಟಡಕ್ಕೆ ನೀಡಿದ ಅಗ್ನಿ ಸುರಕ್ಷಾ ಪತ್ರ, ಕೊನೆಯ ಪರಿಶೀಲನಾ ವರದಿ ಮತ್ತು ನೋಟಿಸುಗಳ ಪ್ರತಿ ಕೊಡಿ ಎಂದು ಕೇಳಲು ಅಷ್ಟು ಪದಗಳೂ ಬೇಡ. ಉತ್ತರ ಬಾರದಿದ್ದರೆ ಮೇಲ್ಮನವಿಯ ಹಕ್ಕು ಇದೆ. ಅರ್ಜಿಗಿಂತಲೂ ಮೊದಲು, ಮುಂದಿನ ಪೋಷಕರ ಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ಹಿಂಬಾಗಿಲ ಬೀಗದ ಕೈ ಯಾರ ಬಳಿ ಇದೆ?

ಉಪಹಾರ್‌ನಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಎರಡು ದಶಕಗಳಿಗೂ ಹೆಚ್ಚು ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದರು. ಆ ಹೋರಾಟದಲ್ಲಿ ಅವರು ಓದಿದ ಕಾಗದಗಳಲ್ಲಿ 1983ರ ಆ ಅಮಾನತು ಆದೇಶವೂ ಇತ್ತು. ಮಕ್ಕಳು ಚಿತ್ರ ನೋಡಲು ಹೊರಟ ದಿನ ಅದೇ ಕಾಗದ ಚಿತ್ರಮಂದಿರದ ಬಾಗಿಲಲ್ಲಿ ಇದ್ದಿದ್ದರೆ, ಅದನ್ನು ಓದಿ ಕೆಲವರಾದರೂ ಮನೆಗೆ ಮರಳುತ್ತಿದ್ದರೋ ಏನೋ.